ಅಲುಗಾಡುವ ಮಗುವೂ ಆಲಿಸುತ್ತದೆ



ದಾವೀದ ಅರಸನು ದೇವರ ಮಂಜೂಷವನ್ನು ಜೆರುಸಲೇಮಿಗೆ ಬರಮಾಡಿಕೊಂಡ ದಿನದ ವೃತ್ತಾಂತ ನಿಮಗೆ ನೆನಪಿರಬಹುದು. ಸಮುವೇಲನ ಎರಡನೆಯ ಗ್ರಂಥದ 6ನೆಯ ಅಧ್ಯಾಯದಲ್ಲಿ ಅದನ್ನು ಓದುತ್ತೇವೆ. ಅರಸನು ರಾಜಪೋಷಾಕನ್ನು ತೆಗೆದಿಟ್ಟು, ನಾರುಮಡಿ ತೊಟ್ಟು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ದೇವರ ಮುಂದೆ ಕುಣಿಯುತ್ತಾನೆ. ಅರಮನೆಯ ಕಿಟಕಿಯಿಂದ ಅದನ್ನು ನೋಡಿದ ಅವನ ಪತ್ನಿ ಮೀಕಲಳಿಗೆ ತಿರಸ್ಕಾರ ಹುಟ್ಟುತ್ತದೆ. ಅವಳ ಕಣ್ಣಿಗೆ ಬಿದ್ದದ್ದು ಅರಸನ ಕುಣಿತ ಮಾತ್ರ. ಅವನ ಮನಸ್ಸು ಎಲ್ಲಿ ನೆಟ್ಟಿತ್ತೆಂಬುದು ಅವಳಿಗೆ ಕಾಣಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ಆ ಕಿಟಕಿಯಲ್ಲಿ ನಿಂತಿದ್ದೆ. ಅದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಹೊಸ ಅಗ್ರಹಾರದ ಕಡೆಯ ಒಂದು ಕುಟುಂಬ ಭಾನುವಾರದ ಬಲಿಪೂಜೆಗೆ ತಪ್ಪದೆ ಬರುತ್ತಿತ್ತು. ಅವರ ಮಗನಿಗೆ ಆಟಿಸಂ. ನಮ್ಮ ಪತ್ರಿಕೆಗಳು ಇದನ್ನು ಸ್ವಲೀನತೆ ಎಂದೂ ಕರೆಯುತ್ತವೆ. ಹುಡುಗನು ಒಂದೆರಡು ಪದಗಳಿಗಿಂತ ಹೆಚ್ಚು ಮಾತನಾಡುತ್ತಿರಲಿಲ್ಲ. ಶುಭಸಂದೇಶದ ವಾಚನ ಆರಂಭವಾದರೆ ಸಾಕು, ಹಿಂದಕ್ಕೂ ಮುಂದಕ್ಕೂ ತೂಗಲು ತೊಡಗುತ್ತಿದ್ದ, ಬೆರಳುಗಳನ್ನು ಕಣ್ಣಿನ ಬಳಿ ಆಡಿಸುತ್ತಿದ್ದ. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಒಂದು ಭಾನುವಾರ ಪ್ರಬೋಧನೆಯ ನಡುವೆ ನನ್ನ ತಾಳ್ಮೆ ತಪ್ಪಿತು. "ಅಮ್ಮಾ, ಮಗುವಿನ ಕೈ ಹಿಡಿದು ಸುಮ್ಮನೆ ಕೂರಿಸಿ, ಇಲ್ಲವೇ ಹೊರಗೆ ಕರೆದುಕೊಂಡು ಹೋಗಿ" ಎಂದೆ. ಆ ತಾಯಿ ತಲೆ ತಗ್ಗಿಸಿ ಎದ್ದು ಹೋದರು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ತಿಂಗಳ ನಂತರ ಅವರ ಮನೆಗೆ ಹೋದೆ. ಸಂಜೆಯ ಜಪಸರದ ಹೊತ್ತು. ಅಜ್ಜಿ ಗೋಡೆಗೊರಗಿ ಕುಳಿತು ಜಪಸರ ಹೇಳಿಸುತ್ತಿದ್ದರು. ಹುಡುಗ ಬಾಗಿಲಿನಿಂದ ಕಂಬಕ್ಕೆ, ಕಂಬದಿಂದ ಬಾಗಿಲಿಗೆ ಓಡಾಡುತ್ತಿದ್ದ. ಮೂರನೆಯ ರಹಸ್ಯದಲ್ಲಿ ಅಜ್ಜಿಗೆ ಮಣಿಯ ಲೆಕ್ಕ ತಪ್ಪಿತು. ಅವರು ಮತ್ತೊಂದು ನಮೋ ಮರಿಯ ಶುರುಮಾಡಬೇಕು, ಅಷ್ಟರಲ್ಲಿ ಹುಡುಗ ನಡೆಯುತ್ತಲೇ "ಹತ್ತಾಯ್ತು" ಅಂದ. ಜಪಸರ ಕೈಯಲ್ಲೇ ಹಿಡಿದಿದ್ದ ನನಗೂ ಲೆಕ್ಕ ತಪ್ಪಿತ್ತು!

ಅಜ್ಜಿ ನನ್ನ ಮುಖ ನೋಡಿ, "ಅವ್ನು ಓಡಾಡ್ತಿದ್ರೇನೆ ಸ್ವಾಮಿ ಅವ್ನಿಗೆ ಕೇಳ್ಸೋದು. ಹಿಡ್ದು ಕೂರ್ಸುದ್ರೆ ಏನೂ ಕೇಳ್ಸಲ್ಲ" ಎಂದರು. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ ನನಗೆ ಗೊತ್ತಿಲ್ಲದ ಸಂಗತಿ ಆ ಅಜ್ಜಿಗೆ ಗೊತ್ತಿತ್ತು.

ಪ್ರಿಯ ಓದುಗರೇ, ಮೈ ಅಲುಗುತ್ತಿದ್ದರೆ ಮನಸ್ಸೂ ಅಲೆಯುತ್ತಿದೆ ಎಂದು ನಾವು ಭಾವಿಸುತ್ತೇವೆ. ಕೈಕಟ್ಟಿ ಕೂತವನೇ ಗಮನವಿಟ್ಟು ಕೇಳುವವನು ಎಂದು ಶಾಲೆಯಲ್ಲೂ ಧರ್ಮೋಪದೇಶದ ತರಗತಿಯಲ್ಲೂ ಹೇಳಿಕೊಡುತ್ತೇವೆ. ಆಟಿಸಂ ಇರುವ ಅನೇಕರ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ಇದಕ್ಕೆ ಕಾರಣವಿದೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮಗಳಲ್ಲದೆ ದೇವರು ನಮಗೆ ಇನ್ನೂ ಕೆಲವು ಅರಿವುಗಳನ್ನು ಕೊಟ್ಟಿದ್ದಾರೆ. ಕಿವಿಯ ಒಳಭಾಗದಲ್ಲಿರುವ ಪುಟ್ಟ ನಾಳಗಳು ದೇಹ ಯಾವ ಕಡೆಗೆ ವಾಲುತ್ತಿದೆ, ತಿರುಗುತ್ತಿದೆ ಎಂಬುದನ್ನು ಮಿದುಳಿಗೆ ತಿಳಿಸುತ್ತವೆ. ಸ್ನಾಯುಗಳೂ ಕೀಲುಗಳೂ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ತಿಳಿಸುತ್ತಲೇ ಇರುತ್ತವೆ. ಕಣ್ಣುಮುಚ್ಚಿಕೊಂಡರೂ ಶಿಲುಬೆಯ ಗುರುತು ಹಾಕಲು ನಮಗೆ ಸಾಧ್ಯವಾಗುವುದು ಇದರಿಂದಲೇ. ಆಟಿಸಂ ಇರುವ ಅನೇಕರಲ್ಲಿ ಇಂಥ ಸಂದೇಶಗಳು ಕೆಲವೊಮ್ಮೆ ಅತಿ ತೀವ್ರವಾಗಿ, ಕೆಲವೊಮ್ಮೆ ತೀರಾ ಮಂದವಾಗಿ ಮುಟ್ಟುತ್ತವೆ. ನಮಗೆ ಕಿವಿಯ ಮೇಲೆ ಹಾದುಹೋಗುವ ಫ್ಯಾನಿನ ಸದ್ದು, ಮೈಕಿನ ಕಿರುಚು, ಟ್ಯೂಬ್‌ಲೈಟಿನ ಮಿಣುಕು ಅವರ ಮೇಲೆ ಒಮ್ಮೆಗೇ ಮುಗಿಬೀಳಬಹುದು. ಆಗ ಮೈಯನ್ನು ಒಂದೇ ಲಯದಲ್ಲಿ ತೂಗುವುದು ಅವರಿಗೆ ಊರುಗೋಲಾಗುತ್ತದೆ. ಸುತ್ತಲಿನದೆಲ್ಲ ಕೈಮೀರಿದರೂ ಆ ಲಯ ಅವರ ಅಧೀನದಲ್ಲೇ ಇರುತ್ತದೆ. ಅದನ್ನು ಹಿಡಿದುಕೊಂಡು ಅವರು ಯೋಚಿಸಬಲ್ಲರು, ಆಲಿಸಬಲ್ಲರು. ಬಲವಂತವಾಗಿ ನಿಲ್ಲಿಸಿದರೆ, ಅಲುಗಾಡದಂತೆ ಮೈಯನ್ನು ಕಾಯುವುದರಲ್ಲೇ ಅವರ ಗಮನವೆಲ್ಲ ಖರ್ಚಾಗುತ್ತದೆ. ಪಾಠಕ್ಕೆ, ಪ್ರಾರ್ಥನೆಗೆ ಉಳಿಯುವುದೇನು?

ಇದು ಬರಿಯ ಊಹೆಯಲ್ಲ. ಆಟಿಸಂ ಇರುವ ವಯಸ್ಕರನ್ನೇ ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಇಂಥ ಚಲನೆ ತಮ್ಮನ್ನು ಶಾಂತಗೊಳಿಸುತ್ತದೆ, ಉಕ್ಕುವ ಭಾವನೆಯನ್ನು ಹತೋಟಿಗೆ ತರುತ್ತದೆ ಎಂದು ಅವರು ವಿವರಿಸಿದ್ದಾರೆ. ಜನ ನೋಡಿ ನಗುತ್ತಾರೆಂದು ಅದನ್ನು ಅಡಗಿಸಿಕೊಳ್ಳುವ ಕಷ್ಟವನ್ನೂ ಹೇಳಿಕೊಂಡಿದ್ದಾರೆ. ಬಹಳ ಹಿಂದೆ, 1982ರಲ್ಲೇ, ಬೆರಳೆಣಿಕೆಯ ಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಸ್ವಲ್ಪ ಹೊತ್ತು ಓಡಿಸಿ ಕರೆತಂದ ಮೇಲೆ ಮಕ್ಕಳು ಪಾಠಕ್ಕೆ ಹೆಚ್ಚು ಚೆನ್ನಾಗಿ ಸ್ಪಂದಿಸಿದ್ದು ಕಂಡುಬಂದಿತ್ತು.

ನಮ್ಮ ಮೈಸೂರು ಸೀಮೆಗೇ ಸಂಬಂಧಿಸಿದ ಒಂದು ಸಾಕ್ಷ್ಯವಿದೆ. 1989ರಲ್ಲಿ ಹುಟ್ಟಿದ ತೀತೊ ರಾಜರ್ಷಿ ಮುಖೋಪಾಧ್ಯಾಯ ಬಂಗಾಳಿ ಕುಟುಂಬದ ಹುಡುಗ, ಮೈಸೂರು, ಬೆಂಗಳೂರುಗಳಲ್ಲಿ ಬೆಳೆದವನು. ತೀವ್ರ ಆಟಿಸಂ, ಮಾತು ಇಲ್ಲವೆನ್ನುವಷ್ಟು ಕಡಿಮೆ. ತಾಯಿ ಸೋಮಾ ಅವನ ಕೈಗೆ ಪೆನ್ಸಿಲ್ ಕಟ್ಟಿ ಬರೆಯಲು ಕಲಿಸಿದರು. ಎಳೆಯ ವಯಸ್ಸಿನಲ್ಲಿ ಅವನು ಬರೆದ ಬರಹಗಳು 2000ದಲ್ಲಿ ಇಂಗ್ಲೆಂಡಿನಲ್ಲಿ 'ಬಿಯಾಂಡ್ ದಿ ಸೈಲೆನ್ಸ್' ಎಂಬ ಪುಸ್ತಕವಾಗಿ ಬಂದವು. ತನ್ನ ಮೈ ಚೂರುಚೂರಾಗಿ ಚದುರಿದಂತೆ ತನಗೆ ಅನಿಸುತ್ತಿತ್ತು ಎಂದು ಅವನು ಅಲ್ಲಿ ಹೇಳುತ್ತಾನೆ. ತಿರುಗುವ ಫ್ಯಾನಿನ ಬೇರೆಬೇರೆ ರೆಕ್ಕೆಗಳು ವೇಗದಲ್ಲಿ ಒಂದೇ ಚಕ್ರವಾಗುವುದನ್ನು ಕಂಡು ತಾನೂ ಗಿರಗಿರನೆ ತಿರುಗುತ್ತಿದ್ದನಂತೆ. ಆಗ ಚದುರಿದ್ದು ಕೂಡಿಕೊಂಡು ಯೋಚನೆಗಳು ಹದಕ್ಕೆ ಬರುತ್ತಿದ್ದವು. ಯಾರಾದರೂ ಹಿಡಿದು ನಿಲ್ಲಿಸಿದರೆ ಮತ್ತೆ ಚದುರಿದಂತಾಗುತ್ತಿತ್ತು. ಆ ತಾಯಿ ಮುಂದೆ ಅಮೆರಿಕದಲ್ಲಿ ಕಲಿಸತೊಡಗಿದ ವಿಧಾನಕ್ಕೆ ತಜ್ಞರ ಬಲವಾದ ಆಕ್ಷೇಪವಿದೆ. ನಾನು ಆ ವಿಧಾನವನ್ನು ಇಲ್ಲಿ ಶಿಫಾರಸು ಮಾಡುತ್ತಿಲ್ಲ. ಆದರೆ ನನ್ನ ಗುಡಿಯಲ್ಲಿ ತೂಗುತ್ತಿದ್ದ ಹುಡುಗನನ್ನು "ಹಿಡಿದು ಕೂರಿಸಿ" ಎಂದ ನನಗೆ ತೀತೊನ ಮಾತು ಎದೆಗೆ ನಾಟಿತು.

ಇಷ್ಟಕ್ಕೂ ನಾವು ಮೈಯಿಲ್ಲದೆ ಪ್ರಾರ್ಥಿಸುತ್ತೇವೆಯೇ? ಬಲಿಪೂಜೆಯಲ್ಲಿ ಏಳುತ್ತೇವೆ, ಕೂರುತ್ತೇವೆ, ಮೊಣಕಾಲೂರುತ್ತೇವೆ, ಎದೆ ಬಡಿದುಕೊಳ್ಳುತ್ತೇವೆ. ಜಪಸರದ ಮಣಿ ಬೆರಳಿನಲ್ಲಿ ಸರಿಯದಿದ್ದರೆ ನಮ್ಮ ಮನಸ್ಸು ಗದ್ದೆಗೋ ಸಂತೆಗೋ ಹೊರಟುಹೋಗುತ್ತದೆ. ಹಿಂದೆ ನಮ್ಮ ಮಕ್ಕಳು ಮಗ್ಗಿ ಕಲಿತದ್ದು ತೂಗುತ್ತಾ, ನಮ್ಮ ತಾಯಂದಿರಿಗೆ ಪದ ನೆನಪಾಗುತ್ತಿದ್ದುದು ರಾಗಿ ಬೀಸುತ್ತಾ. ಪ್ಲೇಟೋವಿನ ಹಿಂಬಾಲಕರು ಆತ್ಮವು ಹಡಗಿನಲ್ಲಿ ನಾವಿಕನಿದ್ದಂತೆ ದೇಹದಲ್ಲಿದೆ ಎನ್ನುತ್ತಿದ್ದರು. 13ನೆಯ ಶತಮಾನದ ಸಂತ ಅಕ್ವಿನಾಸಿನ ತೋಮಾಸರು ಅದನ್ನು ಒಪ್ಪಲಿಲ್ಲ. ದೇಹ, ಆತ್ಮ ಎರಡೂ ಕೂಡಿ ಒಬ್ಬ ಮನುಷ್ಯ, ಇಂದ್ರಿಯಗಳ ಮೂಲಕವೇ ಬುದ್ಧಿಗೆ ಅರಿವು ಬರುವುದು ಎಂದು ಅವರು ಕಲಿಸಿದರು. ಇದನ್ನು ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡಿದ್ದೆ. ಅರ್ಥವಾದದ್ದು ಆ ಮನೆಯ ಹಜಾರದಲ್ಲಿ.

2018ರ ನವೆಂಬರ್ 28ರಂದು ವ್ಯಾಟಿಕನ್ನಿನ ಸಾರ್ವಜನಿಕ ಭೇಟಿಯ ವೇಳೆ ಆಟಿಸಂ ಇರುವ, ಮಾತು ಬಾರದ ಒಬ್ಬ ಪುಟ್ಟ ಬಾಲಕ ವೇದಿಕೆಗೇ ಹತ್ತಿಬಂದ. ಕಾವಲುಗಾರನ ಕೈ ಎಳೆದ, ಅತ್ತಿತ್ತ ಓಡಾಡಿದ. ತಾಯಿ ಕರೆದೊಯ್ಯಲು ಬಂದಾಗ ಪೋಪ್ ಫ್ರಾನ್ಸಿಸ್‌ರವರು, ಅವನು ಇಲ್ಲೇ ಆಡಲಿ ಬಿಡಿ ಎಂದರು. ಆಮೇಲೆ ಜನರನ್ನು ಉದ್ದೇಶಿಸಿ, ಈ ಮಗುವಿಗೆ ಮಾತು ಬಾರದಿದ್ದರೂ ತನ್ನನ್ನು ವ್ಯಕ್ತಪಡಿಸಲು ಬರುತ್ತದೆ, ದೇವರ ಮುಂದೆ ನಾನು ಇಷ್ಟು ಸ್ವತಂತ್ರನಾಗಿದ್ದೇನೆಯೇ ಎಂದು ಇವನು ನನ್ನನ್ನು ಯೋಚಿಸುವಂತೆ ಮಾಡಿದ ಎಂಬ ಅರ್ಥದ ಮಾತುಗಳನ್ನಾಡಿದರು. ಅದೇ ಸ್ಥಳದಲ್ಲಿ ನಾನಿದ್ದಿದ್ದರೆ ಏನು ಹೇಳುತ್ತಿದ್ದೆನೆಂದು ನಿಮಗೆ ಈಗಾಗಲೇ ಗೊತ್ತು.

ಹೆತ್ತವರಿಗೆ ಎರಡು ಮಾತು. ನಿಮ್ಮ ಮಗು ತೂಗಿದರೆ, ಕೈ ಬಡಿದರೆ, ಓಡಾಡಿದರೆ ಹೊಡೆಯಬೇಡಿ, ನಾಚಬೇಡಿ. ಓದಲು ಕೂರಿಸುವ ಮೊದಲು ಉಯ್ಯಾಲೆ ಆಡಿಸಿ, ಗದ್ದೆಯ ಬದುವಿನ ಮೇಲೆ ನಡೆಸಿ, ಬಿಂದಿಗೆಯಲ್ಲಿ ನೀರು ಹೊರಿಸಿ, ನಂತರ ಪುಸ್ತಕ ತೆರೆಯಿರಿ. ಯಾವುದು ನಿಮ್ಮ ಮಗುವಿಗೆ ಒಗ್ಗುತ್ತದೆ ಎಂಬುದನ್ನು ನೀವೇ ನೋಡಿ ತಿಳಿಯಬೇಕು. ಒಂದು ಮಗುವಿಗೆ ಹಿತವಾದದ್ದು ಇನ್ನೊಂದಕ್ಕೆ ಹಿಂಸೆಯಾಗಬಹುದು. ಎಲ್ಲ ಚಲನೆಯೂ ಏಕಾಗ್ರತೆಯ ಗುರುತಲ್ಲ ಎಂಬುದನ್ನೂ ಮರೆಯಬೇಡಿ. ಕೆಲವೊಮ್ಮೆ ಅದು ಭಯದ, ನೋವಿನ ಕೂಗಾಗಿರುತ್ತದೆ. ಮಗು ತಲೆ ಚಚ್ಚಿಕೊಳ್ಳುವುದು, ಕಚ್ಚಿಕೊಳ್ಳುವುದು ಮಾಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕೆ.ಆರ್. ನಗರದಿಂದ ಮೈಸೂರಿಗೆ ಸುಮಾರು 40 ಕಿಲೋಮೀಟರ್. ಅಲ್ಲಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸಿ ಮಾರ್ಗದರ್ಶನ ನೀಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಹರಕೆ ಹೊರುವುದು ನಿಮ್ಮ ಭಕ್ತಿ, ತಪ್ಪಲ್ಲ. ಆದರೆ ತಪಾಸಣೆಯನ್ನು ಮುಂದೂಡಬೇಡಿ.

ಶಾಲೆಯ, ಧರ್ಮೋಪದೇಶದ ಶಿಕ್ಷಕರೇ, ಅಂಥ ಮಗು ನಿಂತು ಕೇಳಲಿ, ಹಿಂದೆ ನಡೆಯುತ್ತಾ ಕೇಳಲಿ, ಕೈಯಲ್ಲಿ ಒಂದು ಮಣಿಯನ್ನೋ ಬಟ್ಟೆಯ ತುಂಡನ್ನೋ ಹಿಡಿದು ಕೇಳಲಿ. ಏನು ಕೇಳಿಸಿತು ಎಂದು ಆಮೇಲೆ ವಿಚಾರಿಸಿ. ದೇವಾಲಯಕ್ಕೆ ಬರುವ ಸಹೋದರ ಸಹೋದರಿಯರೇ, ನೀವು ತಿರುಗಿ ನೋಡುವ ಒಂದು ನೋಟ ಒಂದು ಕುಟುಂಬವನ್ನು ಬಲಿಪೂಜೆಯಿಂದ ದೂರ ಮಾಡಬಲ್ಲದು. ಪೀಠದಿಂದ ಬಂದ ಒಂದು ಮಾತು ಹಾಗೆ ಮಾಡಿದ್ದನ್ನು ನಾನು ಕಂಡಿದ್ದೇನೆ.

ಆ ಸಂಜೆ ಜಪಸರ ಮುಗಿದ ಮೇಲೆ ಆ ತಾಯಿಯ ಕ್ಷಮೆ ಕೇಳಿದೆ. ಅವರು ಏನೂ ಹೇಳಲಿಲ್ಲ, ಕಾಫಿ ತಂದುಕೊಟ್ಟರು. ಮತ್ತೆ ಗುಡಿಗೆ ಬರಲು ಅವರಿಗೆ ಇನ್ನೂ ಕೆಲವು ವಾರ ಬೇಕಾಯಿತು. ಈಗ ಹುಡುಗನ ಜಾಗ ಪಕ್ಕದ ಬಾಗಿಲಿನ ಹತ್ತಿರ, ಎರಡು ಕಂಬಗಳ ನಡುವೆ. ಅಲ್ಲಿ ಬೆಂಚುಗಳನ್ನು ಸರಿಸಿ ಅವನಿಗೆ ನಡೆಯಲು ದಾರಿ ಬಿಟ್ಟಿದ್ದೇವೆ. ನಾನು ಪ್ರಬೋಧನೆ ಮಾಡುವಾಗ ಅವನು ನಡೆಯುತ್ತಾನೆ. ಅವನು ಏನು ಕೇಳಿಸಿಕೊಳ್ಳುತ್ತಾನೋ ದೇವರಿಗೆ ಗೊತ್ತು. ಕೈಕಟ್ಟಿ ಕುಳಿತವರು ಏನು ಕೇಳಿಸಿಕೊಳ್ಳುತ್ತಾರೆಂಬುದೂ ದೇವರಿಗೇ ಗೊತ್ತು!

ಪ್ರಭುವೇ, ಹೊರಗಿನ ತೋರಿಕೆಯನ್ನು ನೋಡದೆ ಹೃದಯವನ್ನು ನೋಡುವವರು ನೀವು. ನಮ್ಮನ್ನು ಮೀಕಲಳ ಕಿಟಕಿಯಿಂದ ಕೆಳಗಿಳಿಸಿ, ನಿಮ್ಮ ಮುಂದೆ ತೂಗುವ, ತಿರುಗುವ, ಓಡಾಡುವ ಮಕ್ಕಳ ಜೊತೆಯಲ್ಲಿ ನಿಲ್ಲಿಸಿರಿ. ಆಮೆನ್.