ಓಡುವವನಿಗೆ ನಿಲ್ಲು ಎನ್ನುವವರಾರು?

ಹೊಟ್ಟೆಪಾಡಿಗಾಗಿ ಓಡುವ ಮನುಷ್ಯ ನಮಗೆ ಅರ್ಥವಾಗುತ್ತಾನೆ. ಪ್ರಾಣಭಯದಿಂದ ಓಡುವವನೂ ಅರ್ಥವಾಗುತ್ತಾನೆ. ಆದರೆ ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ಹೋಗಿ ಸೇರಬೇಕಾದ ಊರೂ ಇಲ್ಲ, ಆದರೂ ಕಾಡು ಗುಡ್ಡಗಳ ಕಾಲುದಾರಿಯಲ್ಲಿ ನೂರು ಕಿಲೋಮೀಟರ್ ಓಡುತ್ತೇನೆ ಎನ್ನುವವರನ್ನು ಏನೆನ್ನಬೇಕು? ನಮ್ಮ ಹಿರಿಯರಾಗಿದ್ದರೆ 'ತಿಂದ ಅನ್ನ ಜೀರ್ಣವಾಗದವರು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಅಷ್ಟು ಸುಲಭವಾಗಿ ಮುಗಿಸಬಹುದಾದ ವಿಷಯ ಇದಲ್ಲ. ಟ್ರೇಲ್ ಓಟ ಎಂದು ಕರೆಯಲ್ಪಡುವ ಇಂತಹ ಸ್ಪರ್ಧೆಗಳು ಇಂದು ಜಗತ್ತಿನ ಅನೇಕ ಬೆಟ್ಟಸಾಲುಗಳಲ್ಲಿ ನಡೆಯುತ್ತಿವೆ. ನಮ್ಮ ಚಿಕ್ಕಮಗಳೂರು ಭಾಗದ ಕಾಫಿ ತೋಟಗಳ ಮಣ್ಣುದಾರಿಗಳಲ್ಲೂ ನಡೆದಿವೆ. ಕಚೇರಿಯಲ್ಲಿ ದಿನವಿಡೀ ಕುಳಿತು ದುಡಿಯುವವರು ತಮ್ಮ ಕೈಯಿಂದ ಹಣ ಕಟ್ಟಿ, ತಿಂಗಳುಗಟ್ಟಲೆ ತಯಾರಿ ನಡೆಸಿ ಬಂದು ಓಡುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಬಹುಮಾನದ ಆಸೆಯೂ ಇರುವುದಿಲ್ಲ.

ಅವರು ಹುಡುಕಿಕೊಂಡು ಹೋಗುವುದು ಏನನ್ನು ಎಂಬುದನ್ನು ನಾವು ಗೌರವದಿಂದಲೇ ಕೇಳಬೇಕು. ಎಲ್ಲವೂ ಕೈಯಳತೆಯಲ್ಲಿ ದೊರೆಯುವ ಬದುಕಿನಲ್ಲಿ ಶರೀರಕ್ಕೆ ತನ್ನ ನಿಜವಾದ ಶಕ್ತಿ ಎಷ್ಟೆಂದು ತಿಳಿಯುವ ಅವಕಾಶವೇ ಇರುವುದಿಲ್ಲ. ಏಳೆಂಟು ಗಂಟೆಗಳ ಓಟದ ಬಳಿಕ ಹುದ್ದೆ, ಸಂಬಳ, ಸಾಲ, ಮನಸ್ತಾಪ ಎಲ್ಲವೂ ಹಿಂದೆ ಉಳಿದು, ಮುಂದಿನ ಹೆಜ್ಜೆಯನ್ನು ಯಾವ ಕಲ್ಲಿನ ಮೇಲೆ ಇಡಬೇಕು ಎಂಬುದೊಂದೇ ಉಳಿಯುತ್ತದಂತೆ. ಅದನ್ನು ಹುಚ್ಚು ಎಂದು ತಳ್ಳಿಹಾಕಲು ನಮಗೆ ಮನಸ್ಸಾಗದು. ಬೇಕೆಂದೇ ಕಷ್ಟವನ್ನು ಮೈಮೇಲೆ ಎಳೆದುಕೊಂಡು ತನ್ನನ್ನು ಪಳಗಿಸಿಕೊಳ್ಳುವುದು ಮಾನವ ಇತಿಹಾಸದಲ್ಲಿ ಹೊಸದೇನಲ್ಲ.

ಹಾಗಿದ್ದರೆ ಸಮಸ್ಯೆ ಇರುವುದೆಲ್ಲಿ?

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ, ಬೈಯಿನ್ ನಗರಾಡಳಿತಕ್ಕೆ ಸೇರಿದ ಹಳದಿ ನದಿಯ ಕಲ್ಲುಗುಡ್ಡಗಳ ಪ್ರದೇಶದಲ್ಲಿ ನೂರು ಕಿಲೋಮೀಟರುಗಳ ಓಟವೊಂದು ನಡೆಯಿತು. 172 ಮಂದಿ ಓಟಗಾರರು ಬೆಳಿಗ್ಗೆ ಹೊರಟರು. ಎರಡನೆಯ ಮತ್ತು ಮೂರನೆಯ ತಪಾಸಣಾ ಕೇಂದ್ರಗಳ ನಡುವಿನದು ಸುಮಾರು ಎಂಟು ಕಿಲೋಮೀಟರುಗಳ ದಾರಿ. ಅಷ್ಟರಲ್ಲೇ ಸುಮಾರು ಸಾವಿರ ಮೀಟರ್ ಮೇಲೇರಬೇಕು. ಅಲ್ಲಿಗೆ ವಾಹನ ಹೋಗದು. ನೆರಳಿಗೆ ಮರವೂ ಇಲ್ಲದ ಬೋಳು ಬೆಟ್ಟ. ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ ಮತ್ತು ಬಿರುಗಾಳಿ ಒಟ್ಟಿಗೇ ಬಂದವು. ಓಟಗಾರರಲ್ಲಿ ಹೆಚ್ಚಿನವರ ಮೈಮೇಲೆ ಇದ್ದುದು ತೆಳುವಾದ ಅಂಗಿ ಮತ್ತು ಚಡ್ಡಿ. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ವಸ್ತುಗಳ ಪಟ್ಟಿಯಲ್ಲಿ ಇರಲಿಲ್ಲ. ಮೈಯ ಬಿಸಿ ಇಳಿದು 21 ಮಂದಿ ತೀರಿಕೊಂಡರು. ದೇಶದಲ್ಲೇ ಹೆಸರಾಂತ ದೂರ ಓಟಗಾರ ಲಿಯಾಂಗ್ ಜಿಂಗ್ ಸತ್ತರು. ಕಿವಿ ಕೇಳದ, ಮಾತು ಬಾರದ, ಅಂಗವಿಕಲರ ರಾಷ್ಟ್ರೀಯ ಕ್ರೀಡೆಗಳಲ್ಲಿ ಮ್ಯಾರಥಾನ್ ಗೆದ್ದಿದ್ದ ಹುವಾಂಗ್ ಗುವಾಂಜುನ್ ಸತ್ತರು. ಅವರಿಗೆ ಸಹಾಯಕ್ಕಾಗಿ ಕೂಗುವುದೂ ಸಾಧ್ಯವಿರಲಿಲ್ಲ.

ಸರಕಾರಿ ತನಿಖೆ ನಡೆಯಿತು. ಬಿರುಗಾಳಿಯ ಮುನ್ಸೂಚನೆ ಹಿಂದಿನ ರಾತ್ರಿಯೇ ಬಂದಿತ್ತು, ಸಂಘಟಕರು ಅದಕ್ಕೆ ತಕ್ಕಂತೆ ಏನನ್ನೂ ಮಾಡಲಿಲ್ಲ ಎಂಬುದು ಹೊರಬಿತ್ತು. ಅಧಿಕಾರಿಗಳಿಗೆ ಶಿಕ್ಷೆಯಾಯಿತು. ದೇಶದಾದ್ಯಂತ ಇಂತಹ ಓಟಗಳನ್ನು ತಡೆಹಿಡಿಯಲಾಯಿತು. ಇದೆಲ್ಲವೂ ಆಗಬೇಕಾದುದೇ. ಸತ್ತವರ ಮೇಲೆಯೇ ತಪ್ಪು ಹೊರಿಸುವುದು ಅನ್ಯಾಯ. ಅವರು ನಂಬಿ ಬಂದವರು. ಆದರೆ ಸಂಘಟಕರ ತಪ್ಪನ್ನು ಒಪ್ಪಿಕೊಂಡ ಮೇಲೂ ನಮ್ಮನ್ನು ಕಾಡುವ ಒಂದು ವಿಷಯ ಉಳಿಯುತ್ತದೆ. ಅಂದು ಮಳೆ ಕಂಡು ಹಿಂದಿರುಗಿ ಇಳಿದವರೂ ಇದ್ದರು, ಅವರು ಬದುಕಿದರು. ಮುಂಚೂಣಿಯಲ್ಲಿ ಇದ್ದವರಲ್ಲಿ ಹೆಚ್ಚಿನವರು ಬದುಕಲಿಲ್ಲ. ಅವರು ಎಲ್ಲರಿಗಿಂತ ಬಲಶಾಲಿಗಳಾಗಿದ್ದರು. ಬಲವೇ ಅವರನ್ನು ಬಿರುಗಾಳಿಯ ನಡುವಿಗೆ ಎಲ್ಲರಿಗಿಂತ ಮೊದಲು ತಲುಪಿಸಿತ್ತು.

'ದೇಹ ನನ್ನದು, ಇಷ್ಟ ನನ್ನದು, ನಿಲ್ಲುವುದೂ ಬಿಡುವುದೂ ನನಗೆ ಸೇರಿದ್ದು' ಎಂಬ ವಾದವನ್ನು ನಾವು ಈಗ ಎಲ್ಲೆಡೆ ಕೇಳುತ್ತೇವೆ. ಮೇಲ್ನೋಟಕ್ಕೆ ಅದು ಸರಿಯೆನಿಸುತ್ತದೆ. ಆದರೆ ಅಂದು ರಾತ್ರಿ ಆ ಬೆಟ್ಟದಲ್ಲಿ ದೀಪ ಹಿಡಿದು ನೂರಾರು ಮಂದಿ ರಕ್ಷಣಾ ಕಾರ್ಯಕರ್ತರು ಹುಡುಕಾಡಿದರಲ್ಲ, ಅವರ ದೇಹ ಯಾರದು? ಮನೆಯಲ್ಲಿ ಕಾಯುತ್ತಿದ್ದ ತಾಯಂದಿರ, ಪುಟ್ಟ ಮಕ್ಕಳ ಇಷ್ಟವನ್ನು ಕೇಳಿದವರು ಯಾರು? ಒಬ್ಬನ ದೇಹ ಪೂರ್ತಿಯಾಗಿ ಅವನೊಬ್ಬನದೇ ಆಗಿರುವುದು ಅವನ ಹಿಂದೆ ಯಾರೂ ಇಲ್ಲದಿದ್ದಾಗ ಮಾತ್ರ. ಅಂಥವನನ್ನು ನಾವಂತೂ ಕಂಡಿಲ್ಲ. ಹಾಗೆಂದು ಅಪಾಯವಿರುವ ಯಾವ ಕೆಲಸವನ್ನೂ ಮಾಡಬಾರದು ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮೀನು ಹಿಡಿಯಲು ಕಡಲಿಗಿಳಿಯುವವರೂ ಅಡಿಕೆ ಮರ ಹತ್ತುವವರೂ ಮನೆಯಲ್ಲೇ ಕೂರಬೇಕಾದೀತು. ನಮ್ಮ ಪ್ರಶ್ನೆ ಬೇರೆ. ಸಹಿಸಿಕೊಂಡು ಮುಂದುವರಿಯುವುದನ್ನೇ ಗುಣವೆಂದು ಕಲಿಸುವ ಆಟದಲ್ಲಿ, ನಿಲ್ಲುವುದನ್ನು ಕಲಿಸುವವರು ಯಾರು?

ಈ ಪ್ರಶ್ನೆಗೆ ಒಂದು ವಿಚಿತ್ರವಾದ ಉತ್ತರ ಈ ಆಟದ ಹುಟ್ಟಿನಲ್ಲೇ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ನೆವಾಡ ಬೆಟ್ಟಗಳನ್ನು ದಾಟಿ ಆಬರ್ನ್ ಪಟ್ಟಣಕ್ಕೆ ಬರುವ ನೂರು ಮೈಲಿಗಳ ಕುದುರೆ ಸವಾರಿಯೊಂದಿದೆ. ಹೆಸರು ಟೆವಿಸ್ ಕಪ್. 1955ರಿಂದ ನಡೆದುಬಂದಿದೆ. ಕುದುರೆಗಳು 24 ಗಂಟೆಗಳೊಳಗೆ ದಾರಿ ಮುಗಿಸಬೇಕು. 1974ರಲ್ಲಿ ಗೋರ್ಡಿ ಐನ್ಸ್ಲೀ ಎಂಬವರು ಕುದುರೆಯಿಲ್ಲದೆ, ಕುದುರೆಗಳ ಜೊತೆಗೇ ಹೊರಟು, ಆ ದಾರಿಯನ್ನು ಕಾಲ್ನಡಿಗೆಯಲ್ಲೇ ಓಡಿ 23 ಗಂಟೆ 42 ನಿಮಿಷಗಳಲ್ಲಿ ಮುಗಿಸಿದರು. ಇಂದು ಪ್ರಸಿದ್ಧವಾಗಿರುವ ವೆಸ್ಟರ್ನ್ ಸ್ಟೇಟ್ಸ್ ಓಟದ ಮೂಲ ಅದು. ನೂರು ಮೈಲಿಗಳ ಓಟಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಅದಕ್ಕೆ ಋಣಿಯಾಗಿವೆ.

ಆ ಸವಾರಿಯಲ್ಲಿ ದಾರಿಯುದ್ದಕ್ಕೂ ಪಶುವೈದ್ಯರು ನಿಂತಿರುತ್ತಾರೆ. ಕುದುರೆಯ ನಾಡಿ ನೋಡುತ್ತಾರೆ, ನಾಲ್ಕು ಹೆಜ್ಜೆ ಓಡಿಸಿ ಕುಂಟುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಸರಿಯಿಲ್ಲವೆಂದರೆ ಸವಾರ ಎಷ್ಟು ಬೇಡಿದರೂ ಅಲ್ಲಿಗೆ ಮುಗಿಯಿತು. ಗುರಿ ತಲುಪಿದ ಮೇಲೂ ಕುದುರೆ ಇನ್ನೂ ಮುಂದಕ್ಕೆ ಹೋಗಬಲ್ಲ ಸ್ಥಿತಿಯಲ್ಲಿದೆ ಎಂದು ವೈದ್ಯರು ಒಪ್ಪಬೇಕು. ಇನ್ನೂ ಒಂದು ಸಂಗತಿಯಿದೆ, ನಮಗೆ ಬಹಳ ಹಿಡಿಸಿದ್ದು ಅದೇ. ಮೊದಲು ತಲುಪುವ ಹತ್ತು ಕುದುರೆಗಳಲ್ಲಿ ಅತ್ಯಂತ ಆರೋಗ್ಯವಾಗಿರುವ ಕುದುರೆಗೆ ಹ್ಯಾಗಿನ್ ಕಪ್ ಎಂಬ ಬೇರೆಯೇ ಪ್ರಶಸ್ತಿ ಕೊಡುತ್ತಾರೆ. ಮೊದಲು ಬಂದ ಕುದುರೆಗೇ ಅದು ಸಿಗಬೇಕೆಂದಿಲ್ಲ. ಮನುಷ್ಯರ ಓಟದಲ್ಲಿ ಇಂತಹ ಪ್ರಶಸ್ತಿಯನ್ನು ನಾವು ಕೇಳಿಲ್ಲ. ಅಲ್ಲಿ ತೂರಾಡುತ್ತಾ ಬಂದು ಗೆರೆ ದಾಟಿ ಕುಸಿದು ಬೀಳುವವನ ಚಿತ್ರವನ್ನೇ ಪತ್ರಿಕೆಗಳು ಮುಖಪುಟಕ್ಕೆ ಹಾಕುತ್ತವೆ.

ಮನುಷ್ಯರ ಓಟದಲ್ಲೂ ವೈದ್ಯರಿರುತ್ತಾರೆ, ನಿಜ. ಮುಂದುವರಿಯಬೇಡಿ ಎಂದು ತಡೆಯುವ ಅಧಿಕಾರವೂ ಅವರಿಗಿರುತ್ತದೆ. ಆದರೆ ಕುದುರೆ ಕುಂಟುವುದನ್ನು ಮರೆಮಾಚದು. ಮನುಷ್ಯ ಮರೆಮಾಚುತ್ತಾನೆ. ವೈದ್ಯರ ಮುಂದೆ ನಾಲ್ಕು ಹೆಜ್ಜೆ ನೆಟ್ಟಗೆ ನಡೆದು, ನಕ್ಕು, ಅವರ ಕಣ್ಣು ತಪ್ಪಿದೊಡನೆ ಮತ್ತೆ ಕುಂಟುತ್ತಾನೆ. ಮೂಕಪ್ರಾಣಿಗೆ ಬೇಡವೆನ್ನಲು ಬಾಯಿಲ್ಲವೆಂದು ಅದರ ಪರವಾಗಿ ಮಾತನಾಡಲು ಒಬ್ಬರನ್ನು ನಿಲ್ಲಿಸಿದೆವು. ಬಾಯಿರುವ ಮನುಷ್ಯನೇ ಬೇಡವೆನ್ನದಿದ್ದಾಗ ಏನು ಮಾಡಬೇಕೆಂದು ನಮಗಿನ್ನೂ ಸರಿಯಾಗಿ ಹೊಳೆದಿಲ್ಲ.

ನಮ್ಮ ನೆಲದಲ್ಲಿ ಕಾಡುದಾರಿಯ ಓಟ ಒಂದು ಕಾಲದಲ್ಲಿ ಉದ್ಯೋಗವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಮೈಸೂರಿನ ಅಂಚೆ ಆರಂಭವಾಯಿತು. 1889ರಲ್ಲಿ ಅದು ಬ್ರಿಟಿಷರ ಅಂಚೆಯಲ್ಲಿ ವಿಲೀನಗೊಂಡಿತು. ಚೀಲ ಹೊತ್ತು ಓಡುವ ಅಂಚೆಯವನಿಗೆ ಕಾಡುಮೃಗದ ಭಯವಿತ್ತು, ಕಳ್ಳರ ಭಯವಿತ್ತು. ಆದರೆ ಆತ ತನ್ನ ಪಾಲಿನ ದಾರಿಯನ್ನಷ್ಟೇ ಓಡುತ್ತಿದ್ದ. ಅದರ ಕೊನೆಯಲ್ಲಿ ಇನ್ನೊಬ್ಬ ಕಾಯುತ್ತಿದ್ದ. ಚೀಲ ಕೈ ಬದಲಾಗುತ್ತಿತ್ತು. ಚೀಲ ನಿಲ್ಲಬಾರದಿತ್ತು, ಮನುಷ್ಯ ನಿಲ್ಲಬಹುದಿತ್ತು. ಆ ಬದುಕು ಸುಖದ್ದಾಗಿತ್ತು ಎಂದು ನಾವು ಹೇಳುವುದಿಲ್ಲ. ಬಡತನದ ಓಟಕ್ಕೂ ಬಿಡುವಿನ ಓಟಕ್ಕೂ ಹೋಲಿಕೆ ಸಲ್ಲದು. ಆದರೂ ಒಬ್ಬನಿಗೆ ಎಷ್ಟು ದಾರಿ ಸಾಕು ಎಂಬುದನ್ನು ಅಲ್ಲಿ ಯಾರೋ ಮೊದಲೇ ಯೋಚಿಸಿದ್ದರು.

ಗಾನ್ಸುವಿನ ಆ ಬೆಟ್ಟದಲ್ಲಿ ಅಂದು ಕುರಿ ಮೇಯಿಸುತ್ತಿದ್ದ ಒಬ್ಬಾತನಿದ್ದ. ಮಳೆ ಶುರುವಾದಾಗ ಆತ ಕುರಿಗಳನ್ನು ಕಟ್ಟಿ ಮಣ್ಣಿನ ಗುಹೆಯೊಂದನ್ನು ಸೇರಿಕೊಂಡಿದ್ದ. ಆಪತ್ತಿಗಿರಲಿ ಎಂದು ಬಟ್ಟೆ, ಆಹಾರ ಮುಂತಾದವನ್ನು ಅಲ್ಲಿ ಮೊದಲೇ ಇಟ್ಟಿದ್ದ. ಆ ಬೆಟ್ಟ ಏನು ಮಾಡಬಲ್ಲದೆಂದು ಆತನಿಗೆ ಗೊತ್ತಿತ್ತು, ಅದರೊಡನೆ ಪಂದ್ಯ ಕಟ್ಟುವ ಯೋಚನೆ ಅವನಿಗೆಂದೂ ಬಂದಿರಲಾರದು. ಹೊರಗೆ ಕಾಲು ಸೆಟೆದು ನಿಂತಿದ್ದ ಒಬ್ಬನನ್ನು ಕಂಡು ಒಳಗೆ ಕರೆತಂದ. ಬೆಂಕಿ ಹಾಕಿ ಮರಗಟ್ಟಿದ್ದ ಕೈಕಾಲು ತಿಕ್ಕಿದ, ಒದ್ದೆ ಬಟ್ಟೆ ಒಣಗಿಸಿದ. ಮತ್ತೆ ಕೆಲವರು ಬಂದು ಸೇರಿದರು. ಹೊರಗೆ ಪ್ರಜ್ಞೆ ತಪ್ಪಿ ಬಿದ್ದಿದ್ದ ಒಬ್ಬನನ್ನು ಹೊತ್ತು ತಂದ. ಒಟ್ಟು ಆರು ಮಂದಿ, ಮೂವರು ಗಂಡಸರು, ಮೂವರು ಹೆಂಗಸರು, ಆತನ ಬೆಂಕಿಯ ಸುತ್ತ ಕುಳಿತು ಬದುಕಿಕೊಂಡರು. ಪತ್ರಕರ್ತರು ಬಂದು ಹೊಗಳಿದಾಗ ಆತ ತಾನು ಸಾಮಾನ್ಯ ಮನುಷ್ಯ, ಮಾಡಿದ್ದು ಸಾಮಾನ್ಯ ಕೆಲಸ ಎಂದನಂತೆ. ಜೀವವಿಲ್ಲದೆ ಬಿದ್ದಿದ್ದ ಇನ್ನಿಬ್ಬರನ್ನು ತಾನು ಕಂಡೆ, ಅವರಿಗೆ ಏನೂ ಮಾಡಲಾಗಲಿಲ್ಲ ಎಂಬ ನೋವನ್ನೂ ಹೇಳಿಕೊಂಡ.