ಮುಳುಗಿಸಿದವರಿಗೆ ಬೋನಸ್ಸು ಸಲ್ಲತಕ್ಕದ್ದೋ?

ಕೊಟ್ಟ ಮಾತನ್ನು ನಡಿಸಬೇಕೆಂಬದು ಎಲ್ಲಾ ಜನಾಂಗಗಳೂ ಒಪ್ಪಿಕೊಂಡಿರುವ ನೀತಿ. ದುಡಿದವನಿಗೆ ಕೂಲಿ, ಕೆಡಿಸಿದವನಿಗೆ ನಷ್ಟ ಎಂಬದೂ ಅಷ್ಟೇ ಹಳೆಯ ನೀತಿಯಾಗಿದೆ. ಪ್ರಿಯ ವಾಚಕರೇ, ಈ ಎರಡು ನೀತಿಗಳು ಒಂದಕ್ಕೊಂದು ಎದುರಾಗಿ ನಿಂತರೆ ಮಾಡತಕ್ಕದ್ದೇನು? 2009ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಅಮೇರಿಕಾ ದೇಶದ ಜನರ ಮುಂದೆ ಈ ಪ್ರಶ್ನೆಯು ಬಂದಿತು.

ಸಂಗತಿ ಹೇಗಂದರೆ, ನ್ಯೂಯಾರ್ಕ್ ಪಟ್ಟಣದಲ್ಲಿ ಎ.ಐ.ಜಿ. ಎಂಬ ಮಹಾ ವಿಮಾ ಕಂಪೆನಿಯುಂಟು. ಅದರ ಒಂದು ಸಣ್ಣ ವಿಭಾಗದವರು ದೊಡ್ಡ ಬ್ಯಾಂಕುಗಳಿಗೆ, ಮನೆಸಾಲಗಳ ಮೇಲೆ ಹುಟ್ಟಿದ ಪತ್ರಗಳು ಮುಳುಗಿದರೆ ನಾವು ತುಂಬಿಕೊಡುವೆವೆಂದು ಜಾಮೀನು ಬರೆದುಕೊಟ್ಟು, ಅದಕ್ಕಾಗಿ ವರುಷ ವರುಷವೂ ಹಣ ತೆಗೆದುಕೊಳ್ಳುತ್ತಿದ್ದರು. ಜಾಮೀನು ನಿಂತವನು ಕೆಟ್ಟ ದಿನಕ್ಕೆಂದು ಗಂಟನ್ನು ತೆಗೆದಿಡಬೇಕಷ್ಟೆ. ಇವರು ತಕ್ಕಷ್ಟು ಇಡಲಿಲ್ಲ. ಮನೆಗಳ ಬೆಲೆ ಇಳಿಯಿತು, ಸಾಲಗಳು ಕೆಟ್ಟವು, ಬ್ಯಾಂಕಿನವರು ಬಾಗಲಿಗೆ ಬಂದು ಕೂತರು. ಈ ಕಂಪೆನಿಯು ಬಿದ್ದರೆ ಅದನ್ನು ನಂಬಿದ ಬ್ಯಾಂಕುಗಳೂ ಬೀಳುವವೆಂಬ ಭಯದಿಂದ 2008ನೇ ಸೆಪ್ಟೆಂಬರ್ 16ರಂದು ಆ ದೇಶದ ಕೇಂದ್ರ ಬ್ಯಾಂಕು 8,500 ಕೋಟಿ ಡಾಲರುಗಳ ಸಾಲವನ್ನು ಒದಗಿಸಿತು. ಸರಕಾರವು ಕಂಪೆನಿಯಲ್ಲಿ ನೂರಕ್ಕೆ ಸುಮಾರು 80 ಪಾಲಿನ ಒಡೆತನವನ್ನು ತೆಗೆದುಕೊಂಡಿತು. ಮುಂದಣ ಮಾರ್ಚಿನೊಳಗೆ ಕೊಡಲೊಪ್ಪಿದ ಸಹಾಯವು 17,000 ಕೋಟಿ ಡಾಲರನ್ನು ದಾಟಿತ್ತು.

ಆಗ ಹೊರಬಿದ್ದ ಸುದ್ದಿ ಏನಂದರೆ, ಅದೇ ವಿಭಾಗದ ನೌಕರರಿಗೆ 16.5 ಕೋಟಿ ಡಾಲರು ಬೋನಸ್ಸು ಹಂಚಲ್ಪಟ್ಟಿದೆ ಎಂಬದು. 73 ಮಂದಿಗೆ ತಲಾ 10 ಲಕ್ಷ ಡಾಲರಿಗೆ ಕಡಿಮೆಯಿಲ್ಲದೆ ಸಿಕ್ಕಿತ್ತೆಂದು ನ್ಯೂಯಾರ್ಕಿನ ಅಟಾರ್ನಿ ಜನರಲ್ ಆಂಡ್ರೂ ಕ್ವೋಮೊ ಪ್ರಕಟಪಡಿಸಿದರು. ನೌಕರರು ಬಿಟ್ಟುಹೋಗದಂತೆ ಹಿಡಿದಿಡುವದಕ್ಕಾಗಿ ಕೊಟ್ಟ ಹಣವಂತೆ ಅದು. ಆದರೆ ಆ 73ರಲ್ಲಿ 11 ಮಂದಿ ಆಗಲೇ ಬಿಟ್ಟುಹೋಗಿದ್ದರು!

ಕಂಪೆನಿಯ ಉತ್ತರವನ್ನೂ ನಾವು ಕೇಳಬೇಕು. ಈ ಕರಾರುಗಳು ಸರಕಾರದ ಹಣ ಬರುವದಕ್ಕೆ ಮುಂಚೆಯೇ ಬರೆಯಲ್ಪಟ್ಟಿದ್ದವು; ಗಂಟು ಹಾಕಿದ ಕಚೇರಿಯವರೇ ಗಂಟು ಬಿಚ್ಚಬಲ್ಲರು; ಬರೆದುಕೊಟ್ಟ ಮಾತಿಗೆ ತಪ್ಪಲಾಗದು ಎಂದು ಅವರು ಹೇಳಿದರು. ಇದನ್ನು ಬರೇ ನೆವವೆಂದು ತಳ್ಳಿಬಿಡುವದು ಸುಲಭ. ಆದರೆ ಸಿಟ್ಟು ಬಂದಾಗ ಕರಾರನ್ನು ಹರಿಯಬಹುದೆಂಬ ರೂಢಿ ಒಮ್ಮೆ ಹುಟ್ಟಿದರೆ ಮೊದಲು ಹರಿಯಲ್ಪಡುವದು ಯಾರ ಕರಾರು? ಧಣಿಯದೋ, ಕೂಲಿಯವನದೋ? ಬಡವನಿಗೆ ಬರೆದ ಕಾಗದವಲ್ಲದೆ ಬೇರೆ ಕೋಟೆಯಿಲ್ಲ.

ಆದರೂ ಈ ವಾದದಲ್ಲಿ ದೊಡ್ಡದೊಂದು ತೂತು ಉಂಟು. ಮಾತು ಕೊಟ್ಟವನು ದಿವಾಳಿಯಾದರೆ ಆ ಮಾತಿಗೆ ಬೆಲೆಯೆಷ್ಟು? ಪರರ ಹಣ ಬಾರದೆ ಹೋಗಿದ್ದರೆ ಈ ನೌಕರರು ಉಳಿದ ಸಾಲಗಾರರ ಸಾಲಿನಲ್ಲಿ ನಿಂತು, ಸಿಕ್ಕಿದಷ್ಟನ್ನು ತಕ್ಕೊಂಡು ಹೋಗಬೇಕಾಗಿತ್ತು. ಅಲ್ಲದೆ ಅದೇ ಕಾಲದಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಎಂಬ ಮೋಟಾರು ಕಂಪೆನಿಗಳಿಗೂ ಸರಕಾರದ ಸಾಲ ದೊರಕಿತು. ಅಲ್ಲಿ ಮಾತ್ರ ಕಾರ್ಮಿಕರ ಸಂಘವು ತನ್ನ ಹಳೇ ಕರಾರನ್ನು ಬಿಚ್ಚಿ ಕೆಲವನ್ನು ಬಿಟ್ಟುಕೊಡಬೇಕೆಂಬ ಷರತ್ತು ಇತ್ತು. ಎಣ್ಣೆಕೈಯವನ ಕರಾರು ಮೇಣ, ಗುಮಾಸ್ತೆಯ ಕರಾರು ಕಲ್ಲು! ನನ್ನ ಎಣಿಕೆಯಲ್ಲಿ ಜನರ ಕೋಪದ ನ್ಯಾಯವಾದ ಬೇರು ಇಲ್ಲಿದೆಯೇ ಹೊರತು ಮೊತ್ತದಲ್ಲಿ ಅಲ್ಲ.

ಯಾಕಂದರೆ ಬೋನಸ್ಸು ಸಹಾಯದ ಸಾವಿರದಲ್ಲೊಂದು ಪಾಲೂ ಆಗಿರಲಿಲ್ಲ. ಅದೇ ವಾರದಲ್ಲಿ, ಸಹಾಯದ ಹಣವು ಎಲ್ಲೆಲ್ಲಿಗೆ ಹರಿಯಿತೆಂಬ ಪಟ್ಟಿಯೂ ಪ್ರಕಟವಾಯಿತು. ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಒಂದೇ ಬ್ಯಾಂಕಿಗೆ 1,290 ಕೋಟಿ ಡಾಲರು ಸಂದಿತ್ತು. ಬೋನಸ್ಸಿಗಿಂತ ಎಪ್ಪತ್ತು ಪಟ್ಟಿಗೂ ಹೆಚ್ಚಾದ ಈ ಮೊತ್ತದ ಮೇಲೆ ಅಷ್ಟು ಗದ್ದಲ ಏಳಲಿಲ್ಲ. ಕೋಪವು ತನ್ನ ಬೆರಳುಗಳಿಂದ ಎಣಿಸಬಲ್ಲದ್ದನ್ನೇ ಹಿಡಿಯುತ್ತದೆ. ಹತ್ತು ಲಕ್ಷ ತಕ್ಕೊಂಡವನಿಗೆ ಮುಖವುಂಟು, ಬ್ಯಾಂಕಿಗೆ ಮುಖವಿಲ್ಲ.

ಮುಖ ಕಂಡ ಕೋಪವು ಎಲ್ಲಿಗೆ ಹೋಗುತ್ತದೆಂಬದನ್ನೂ ನೋಡಬೇಕು. ಕೆಲವರು ಬಸ್ಸು ಹತ್ತಿ ಕನೆಕ್ಟಿಕಟ್ ಸೀಮೆಯ ನೌಕರರ ಮನೆಬಾಗಲಿಗೇ ಹೋದರು; ಕೊಲ್ಲುವೆವೆಂಬ ಬೆದರಿಕೆಗಳೂ ಬಂದವು. ಉಳಿದಿದ್ದವರಲ್ಲಿ ಅನೇಕರು ಆ ಜಾಮೀನುಗಳಿಗೆ ಕೈಹಾಕಿದವರೇ ಅಲ್ಲ. ಮಾರ್ಚ್ 19ರಂದು ಪ್ರತಿನಿಧಿ ಸಭೆಯು ದೊಡ್ಡ ಸಹಾಯ ಪಡೆದ ಕಂಪೆನಿಗಳಲ್ಲಿ ಹೆಚ್ಚು ವರಮಾನವುಳ್ಳವರ ಬೋನಸ್ಸಿನ ಮೇಲೆ ನೂರಕ್ಕೆ 90ರ ತೆರಿಗೆಯನ್ನು 93ಕ್ಕೆದುರಾಗಿ 328 ಮತಗಳಿಂದ ಒಪ್ಪಿತು. ಕೊಟ್ಟಾದ ಮೇಲೆ ಕೆಲವರನ್ನೇ ಗುರಿಯಿಟ್ಟು ಮಾಡುವ ಕಾನೂನು ನಾಳೆ ಯಾರ ಮೇಲೆ ಬೀಳುವದೋ! ಸೆನೆಟ್ ಸಭೆಯು ಅದನ್ನು ಪೂರೈಸದೆ ಬಿಟ್ಟಿತು. ಒಳ್ಳೇದೇ ಆಯಿತೆಂದು ನನ್ನ ಅಭಿಪ್ರಾಯ.

ಹಾಗಾದರೆ ಹಣ ಅವರಿಗೇ ಸಲ್ಲತಕ್ಕದ್ದೋ? ಕಾನೂನಿನಂತೆ ಪಡೆಯಬಹುದಾದದ್ದು ಒಂದು, ನೆರೆಯವರ ಮುಂದೆ ತಲೆಯೆತ್ತಿ ಇಟ್ಟುಕೊಳ್ಳಬಹುದಾದದ್ದು ಇನ್ನೊಂದು. ಮುಳುಗಿದ ಮೇಲೆ ಕಂಪೆನಿಯ ಮುಖ್ಯಸ್ಥರಾಗಿ ಬಂದ ಎಡ್ವರ್ಡ್ ಲಿಡ್ಡಿಯವರು ವರುಷಕ್ಕೆ ಒಂದು ಡಾಲರಿನ ಸಂಬಳಕ್ಕೆ ದುಡಿಯುತ್ತಿದ್ದರು. ಒಂದು ಲಕ್ಷ ಡಾಲರಿಗೆ ಮೇಲ್ಪಟ್ಟು ಪಡೆದವರು ಅರ್ಧವನ್ನಾದರೂ ಹಿಂದಕ್ಕೆ ಕೊಡಿರೆಂದು ಅವರು ಬೇಡಿಕೊಂಡರು. ಕೆಲವೇ ದಿನಗಳಲ್ಲಿ, ಅತಿ ಹೆಚ್ಚು ಪಡೆದ 20 ಮಂದಿಯಲ್ಲಿ 15 ಮಂದಿ ಹಿಂದಿರುಗಿಸಲು ಒಪ್ಪಿದರು. ಎಲ್ಲಾ ಕೂಡಿ ಸುಮಾರು 5 ಕೋಟಿ ಡಾಲರು ಆಯಿತು. ಹೆಸರು ಬಯಲಾಗುವ ಭಯವೂ ಅವರನ್ನು ನೂಕಿರಬಹುದು. ಆದರೆ ಕೊಡಿರೆಂದು ಯಾವ ನ್ಯಾಯಸ್ಥಾನವೂ ತೀರ್ಪು ಹೇಳಿರಲಿಲ್ಲ.