ಪರೀಕ್ಷಿಸಲಾಗಿದೆ ಎಂದವರು ಯಾರು?

ಒಂದು ಕೆಲಸವನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಹಿಂದೆ ಇಷ್ಟು ಕಠಿಣವಾಗಿರಲಿಲ್ಲ. ಮಡಕೆ ಸೋರಿದರೆ ಯಾವ ಕುಂಬಾರನನ್ನು ಕೇಳಬೇಕೆಂಬುದು ಇಡೀ ಊರಿಗೆ ಗೊತ್ತಿರುತ್ತಿತ್ತು. ಇಂದು ಯಂತ್ರವು ಕೆಲವೇ ಕ್ಷಣಗಳಲ್ಲಿ ಬರೆದುಕೊಟ್ಟ ಕೋಡ್‌ನ ಮೇಲೆ ನಾವು ನಮ್ಮ ಹೆಸರನ್ನು ಹಾಕಿಕೊಳ್ಳುತ್ತೇವೆ. ಆ ಹೆಸರಿಗೆ ಏನರ್ಥ?

ವಿಷಯವನ್ನು ಒಂದು ಉದಾಹರಣೆಯ ಮೂಲಕ ನೋಡೋಣ. 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಇಂದು ಜಗತ್ತಿನ ಶೇ. 40ಕ್ಕೂ ಹೆಚ್ಚು ವೆಬ್‌ಸೈಟ್‌ಗಳಿಗೆ ಆಧಾರವಾಗಿದೆ. 2018ರ ಡಿಸೆಂಬರ್‌ನಲ್ಲಿ ಬಂದ ಅದರ 5.0 ಆವೃತ್ತಿಯಲ್ಲಿ 'ಗುಟೆನ್‌ಬರ್ಗ್' ಎಂಬ ಹೊಸ ಎಡಿಟರ್ ಸೇರಿತು. ಇದರಲ್ಲಿ ಪ್ಯಾರಾ, ಚಿತ್ರ, ಶೀರ್ಷಿಕೆ ಎಲ್ಲವೂ ಒಂದೊಂದು 'ಬ್ಲಾಕ್'. ಇರುವ ಬ್ಲಾಕ್‌ಗಳು ಸಾಲದೆಂದು ಹೊಸದೊಂದನ್ನು ಮಾಡಹೊರಟರೆ, ಅಸಲಿ ಕೆಲಸಕ್ಕಿಂತ ಅದರ ಪೂರ್ವಸಿದ್ಧತೆಯೇ ದೊಡ್ಡದು. ಈ ತೊಡಕನ್ನು ಕಂಡ ಪಾಕಿಸ್ತಾನದ ಅಹ್ಮದ್ ಅವೈಸ್ 5.0 ಬರುವ ಮೊದಲೇ 'ಕ್ರಿಯೇಟ್ ಗುಟೆನ್ ಬ್ಲಾಕ್' ಎಂಬ ಸಾಧನವನ್ನು ರಚಿಸಿ ಉಚಿತವಾಗಿ ಕೊಟ್ಟರು. ನಂತರ ವರ್ಡ್‌ಪ್ರೆಸ್ ಯೋಜನೆಯೇ 'ಕ್ರಿಯೇಟ್ ಬ್ಲಾಕ್' ಎಂಬ ತನ್ನದೇ ಸಾಧನವನ್ನು ತಂದಿತು. ಒಂದು ಸಾಲಿನ ಆದೇಶ ಕೊಟ್ಟರೆ ಸಾಕು, ಕಡತಗಳು ತುಂಬಿದ ಒಂದು ಫೋಲ್ಡರ್ ಸಿದ್ಧ. ಬ್ಲಾಕ್‌ನ ಗುಣಲಕ್ಷಣಗಳನ್ನು ಹೇಳುವ ಕಡತ, ಬರೆಯುವವನಿಗೆ ಕಾಣುವ ರೂಪದ ಕಡತ, ಓದುಗನಿಗೆ ತಲುಪುವ ರೂಪದ ಕಡತ, ಅಲಂಕಾರದ ಕಡತ, ಎಲ್ಲವೂ ಇರುತ್ತವೆ. ನಾವು ಒಂದಕ್ಷರವನ್ನೂ ಬರೆಯದೆ ಅದು ಕೆಲಸ ಮಾಡುತ್ತದೆ.

ಕರ್ತೃವಿನ ಹೆಸರಿನ ಜಾಗವೂ ಅದರಲ್ಲಿ ಖಾಲಿ ಇರುವುದಿಲ್ಲ. ನಾವು ಬೇರೆ ಹೇಳದಿದ್ದರೆ 'ವರ್ಡ್‌ಪ್ರೆಸ್ ಕೊಡುಗೆದಾರರು' ಎಂಬ ಅರ್ಥದ ಪದಗಳನ್ನು ಸಾಧನವೇ ಬರೆದಿರುತ್ತದೆ. ಅದನ್ನು ಅಳಿಸಿ ನಮ್ಮ ಹೆಸರನ್ನು ಬರೆಯುವುದು ಕಳ್ಳತನವೇ? ಖಂಡಿತ ಅಲ್ಲ. ಜೊತೆಗಿರುವ ಜಿಪಿಎಲ್ ಪರವಾನಗಿಯೇ ಬಳಸಲು, ಬದಲಿಸಲು, ಹಂಚಲು ಎಲ್ಲರಿಗೂ ಅನುಮತಿ ಕೊಟ್ಟಿದೆ. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ಮನಸ್ಸಾಕ್ಷಿಯ ಪ್ರಶ್ನೆ ಮುಗಿಯುತ್ತದೆಯೇ?

ಈ ಎಡಿಟರ್ ಯಾರ ಹೆಸರನ್ನು ಹೊತ್ತಿದೆಯೋ ಆ ಯೋಹಾನ್ ಗುಟೆನ್‌ಬರ್ಗ್‌ನ ಕಥೆಯೂ ಇಲ್ಲಿ ನೆನಪಾಗುತ್ತದೆ. 1455ರ ಸುಮಾರಿಗೆ ಆತ ಮುದ್ರಿಸಿದ ಪ್ರಸಿದ್ಧ ಬೈಬಲ್‌ನಲ್ಲಿ ಆತನ ಹೆಸರೇ ಇಲ್ಲ. ಅದೇ ವರ್ಷ ಬಂಡವಾಳ ಹಾಕಿದ್ದ ಯೋಹಾನ್ ಫುಸ್ಟ್ ಸಾಲದ ವಿಚಾರದಲ್ಲಿ ಆತನ ವಿರುದ್ಧ ದಾವೆ ಹೂಡಿ ಗೆದ್ದ. 1457ರಲ್ಲಿ ಮೈಂಜ್ ನಗರದಲ್ಲಿ ಪ್ರಕಟವಾದ ಕೀರ್ತನೆಗಳ ಗ್ರಂಥದ ಕೊನೆಯಲ್ಲಿ ಫುಸ್ಟ್ ಮತ್ತು ಶೋಫರ್ ಎಂಬಿಬ್ಬರ ಹೆಸರು, ದಿನಾಂಕ ಎಲ್ಲವೂ ಇವೆ. ವಿದ್ಯೆಯನ್ನು ಕಂಡುಹಿಡಿದವನ ಹೆಸರು ಮಾತ್ರ ಇಲ್ಲ. ಹೆಸರು ಹಾಕುವುದಕ್ಕೂ ಶ್ರಮಕ್ಕೂ ಇರುವ ಅಂತರ ಮುದ್ರಣದಷ್ಟೇ ಹಳೆಯದು.

ಹಾಗಿದ್ದರೂ ಹೆಸರಿಗೆ ಇನ್ನೊಂದು ಅರ್ಥವಿದೆ. ಕೆಟ್ಟರೆ ಕೇಳಬೇಕಾದವರು ನಾವು ಎಂಬ ಒಪ್ಪಿಗೆ ಅದು. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯ. ಬ್ಲಾಕ್ ತನ್ನ ಫಲಿತಾಂಶವನ್ನು ಲೇಖನದೊಳಗೇ ಉಳಿಸಿಡುವ ಬಗೆಯದ್ದಾದರೆ, ಆ ಲೇಖನವನ್ನು ತಿದ್ದಲು ಮತ್ತೆ ತೆರೆದಾಗ ಎಡಿಟರ್ ಹೊಸದಾಗಿ ಅದೇ ಫಲಿತಾಂಶವನ್ನು ತಯಾರಿಸಿ ಹಳೆಯದರೊಂದಿಗೆ ಹೋಲಿಸಿ ನೋಡುತ್ತದೆ. ಈ ಮಧ್ಯೆ ನಾವು ಕೋಡ್ ಬದಲಿಸಿದ್ದು ಎರಡೂ ತಾಳೆಯಾಗದಿದ್ದರೆ, ಅನಿರೀಕ್ಷಿತ ಅಥವಾ ಅಮಾನ್ಯ ವಿಷಯವಿದೆ ಎಂಬ ಎಚ್ಚರಿಕೆ ಕಾಣಿಸುತ್ತದೆ. ಗಾಬರಿಯಾಗುವವರು ಕೋಡ್ ಎಂದರೇನೆಂದು ಅರಿಯದ ಶಾಲೆಯ ಗುಮಾಸ್ತರೋ ಅಂಗಡಿಯ ಮಾಲಕರೋ ಆಗಿರುತ್ತಾರೆ. ಹೀಗಾಗದಿರಲು ಹಳೆಯ ರೂಪವನ್ನೂ ಕೋಡ್‌ನೊಳಗೆ ಜೋಪಾನವಾಗಿಟ್ಟು, ಹಳೆಯದರಿಂದ ಹೊಸದಕ್ಕೆ ದಾರಿ ಮಾಡಿಕೊಡಬೇಕು. ಇದನ್ನು ಸಾಧನ ಬರೆದುಕೊಡುವುದಿಲ್ಲ. ನಾಳೆ ನಾವೇನು ಬದಲಿಸುತ್ತೇವೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಕೆಲಸ ಮನುಷ್ಯನ ಪಾಲಿಗೇ ಉಳಿದಿದೆ.

ಮನೆ ಕಟ್ಟುವವನು ಇಟ್ಟಿಗೆಯನ್ನೂ ತಾನೇ ಸುಡಬೇಕೇ ಎಂದು ಕೆಲವರು ಕೇಳಬಹುದು. ಬೇಡ. ಆದರೆ ಅನುಭವಿ ಮೇಸ್ತ್ರಿ ಇಟ್ಟಿಗೆಯನ್ನು ತಟ್ಟಿ ಅದರ ಸದ್ದು ಕೇಳದೆ ಗೋಡೆಗೆ ಇಡುವುದಿಲ್ಲ. 2016ರ ಮಾರ್ಚ್‌ನಲ್ಲಿ 'ಲೆಫ್ಟ್ ಪ್ಯಾಡ್' ಎಂಬ ಕೇವಲ 11 ಸಾಲಿನ ಕೋಡನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ಹಿಂತೆಗೆದಾಗ ಜಗತ್ತಿನಾದ್ಯಂತ ಅಸಂಖ್ಯ ತಂಡಗಳ ಕೆಲಸ ನಿಂತುಹೋಯಿತು. ತಮ್ಮ ಗೋಡೆಯಲ್ಲಿ ಆ ಇಟ್ಟಿಗೆ ಇದೆಯೆಂಬುದು ಅವರಲ್ಲಿ ಬಹಳಷ್ಟು ಮಂದಿಗೆ ಗೊತ್ತಾದದ್ದೇ ಅಂದು.

ಇನ್ನೊಂದು ಸಣ್ಣ ಸಂಗತಿಯಿದೆ. ಸಣ್ಣದೆಂದು ನಾವು ಬಿಟ್ಟುಬಿಡಲಾರೆವು. ಸಾಧನವು ಸಿದ್ಧಪಡಿಸುವ ಪರಿಚಯ ಕಡತದಲ್ಲಿ, ವರ್ಡ್‌ಪ್ರೆಸ್‌ನ ಯಾವ ಆವೃತ್ತಿಯವರೆಗೆ ಇದನ್ನು ಪರೀಕ್ಷಿಸಲಾಗಿದೆ ಎಂದು ತಿಳಿಸುವ ಸಾಲೊಂದಿದೆ. ಅಲ್ಲಿ ಆವೃತ್ತಿಯ ಸಂಖ್ಯೆಯೂ ಮೊದಲೇ ತುಂಬಿರುತ್ತದೆ. ನಾವಿನ್ನೂ ಏನನ್ನೂ ಬರೆದಿಲ್ಲ, ಯಾರೂ ಏನನ್ನೂ ಪರೀಕ್ಷಿಸಿಲ್ಲ. ಆದರೆ ನಮ್ಮ ಹೆಸರಿನಲ್ಲಿ ಸಾಕ್ಷಿ ಹೇಳಿಯಾಗಿದೆ! ಇದನ್ನು ಯಂತ್ರದ ಸುಳ್ಳು ಎನ್ನಲಾಗದು, ಅದು ಮಾದರಿಯನ್ನಷ್ಟೇ ಕೊಟ್ಟಿದೆ. ಓದದೆ ಹಾಗೆಯೇ ಪ್ರಕಟಿಸಿದ ಕ್ಷಣದಲ್ಲಿ ಅದು ನಮ್ಮ ಮಾತಾಗುತ್ತದೆ. ಅದನ್ನು ನಂಬಿ ಒಬ್ಬರು ತಮ್ಮ ಶಾಲೆಯ ಫಲಿತಾಂಶದ ಪುಟಕ್ಕೆ ಆ ಬ್ಲಾಕನ್ನು ಅಳವಡಿಸುತ್ತಾರೆ. ಆದ್ದರಿಂದ ಉಳಿದ ಸಾಲುಗಳೆಲ್ಲ ಇದ್ದಂತೆಯೇ ಇರಲಿ, ಆ ಒಂದು ಸಂಖ್ಯೆಯನ್ನಾದರೂ ಮೊದಲು ಅಳಿಸಿಬಿಡಬೇಕು. ಪರೀಕ್ಷಿಸಿ ನೋಡಿದ ದಿನ ನಾವೇ ಅದನ್ನು ಬರೆಯೋಣ.